ಎಂಟಾರು ಹೈಲಂ ಶೀಟ್ ಇದೆಯಾ?

"ಎಂಟಾರು ಹೈಲಂ ಶೀಟ್ ಇದೆಯಾ?" ಎಂದು ಕೇಳಿದ್ದಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಹುಡುಗ ನನ್ನ ಮುಖವನ್ನೇ ನೋಡಿದ. ಅವನಪ್ಪ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದಲ್ಲಿ ಅದೇ ಅಂಗಡಿಯಲ್ಲಿ ನಾಲ್ಕು-ನಾಲ್ಕು, ಎಂಟಾರು, ಹತ್ತೆಂಟು ಎಂದು ಇಂಚಿನ ಲೆಕ್ಕದಲ್ಲಿ ಕತ್ತರಿಸಿದ ಶೀಟುಗಳನ್ನು ಇಸ್ಪೀಟ್ ಎಲೆಯಂತೆ ಜೋಡಿಸಿಟ್ಟಿರುತ್ತಿದ್ದರು. ಮರದ ಪೆಟ್ಟಿಗೆ, ಅದರ ಮೇಲೊಂದು ಹೈಲಂ, ಹೈಲಂ ಕೊರೆದು ಕೂರಿಸಿದ ಪಿಯಾನೋ ಸ್ವಿಚ್ಚು. ಯಾರ ಮನೆಯ ಗೋಡೆ ನೋಡಿದರೂ ಅದೇ. ಮಾಡ್ಯುಲರ್ ಸ್ವಿಚ್ಚು ಬಂದ ಮೇಲೆ ಶೀಟೂ ಹೋಯಿತು, ಹೆಸರೂ ಹೋಯಿತು.

ಮೂವತ್ತು ವರ್ಷ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ಈಗ ಮೈಸೂರಿನಲ್ಲಿ ಆರಾಮಾಗಿದ್ದೇನೆ. ಶೀಟು ಬೇಕಾಗಿದ್ದು ನನಗಲ್ಲ, ಅಕ್ಕನ ಮಗನಿಗೆ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ, ಒಲೆ, ಸಿಂಕು, ಪುಟ್ಟ ಫ್ರಿಜ್ಜು ಕೂರಿಸಿಕೊಂಡು ಊರೂರು ತಿರುಗುತ್ತಾನೆ. ಮರಗೆಲಸಕ್ಕೆ ಸುರಿದ ದುಡ್ಡು ಕೇಳಿದರೆ ಅಕ್ಕ ಬೈಯುತ್ತಾಳೆಂದು ನಾನು ಕೇಳಲಿಲ್ಲ.

"ಮಾವ, ಸ್ವಿಚ್ ಆಫ್ ಮಾಡಿದ್ರೂ ಪಂಪ್ ನಿಲ್ತಿಲ್ಲ" ಎಂದು ಒಂದು ಭಾನುವಾರ ವ್ಯಾನು ತಂದು ಮನೆಮುಂದೆ ನಿಲ್ಲಿಸಿದ. ಸ್ವಿಚ್ ಪ್ಯಾನೆಲ್ ಅವನದೇ ಕೈಕೆಲಸ. ಬಿಚ್ಚಿ ಹಿಂಬದಿ ನೋಡಿದೆ. ಮನೆಗೆ ಹಾಕುವ 6 ಆಂಪಿಯರ್ ಸ್ವಿಚ್ಚು, ಒಳಗಿನ ಎರಡು ಕಾಂಟ್ಯಾಕ್ಟ್ ಕರಗಿ ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ಅದೊಂದೇ ಸ್ವಿಚ್ಚಿಗೆ ಪಂಪು, ಫ್ರಿಜ್ಜು ಎರಡನ್ನೂ ಕೊಟ್ಟಿದ್ದ.

"ಮನೇಲಿ ಇದೇ ಸ್ವಿಚ್ಚಲ್ಲವಾ ಮಾವ?" ಎಂದ. ಹೌದು, ಆದರೆ ಮನೆಯಲ್ಲಿರುವುದು 230 ವೋಲ್ಟು. 60 ವ್ಯಾಟಿನ ಪಂಪು ಅಲ್ಲಿ ಎಳೆಯುವುದು ಕಾಲು ಆಂಪಿಯರ್. ಅಷ್ಟೇ ವ್ಯಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಮೋಟಾರು ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಸಾಲದ್ದಕ್ಕೆ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನ ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. 12 ವೋಲ್ಟಿನ ಕಿಡಿ ಸಣ್ಣದೇ, ಒಪ್ಪುತ್ತೇನೆ. ಆದರೆ ಮೋಟಾರು ಸೇರಿದರೆ ಅದೂ ಕಾಂಟ್ಯಾಕ್ಟ್ ತಿನ್ನುತ್ತದೆ. 24 ವೋಲ್ಟಿನ ಬಸ್ಸುಗಳಲ್ಲಿ ಹೀಗೆ ಸುಟ್ಟ ಸ್ವಿಚ್ಚುಗಳನ್ನು ನಾನು ಬಕೆಟ್‌ಗಟ್ಟಲೆ ಬಿಸಾಡಿದ್ದೇನೆ.

ನನಗೆ ಸಿಟ್ಟು ಬಂದದ್ದು ಸ್ವಿಚ್ಚಿಗಲ್ಲ, ಪ್ಯಾನೆಲ್ಲಿನ ಹಲಗೆಗೆ. ನಾಮಫಲಕ ಮಾಡುವ ಅಂಗಡಿಯಲ್ಲಿ ಮಿಕ್ಕಿದ್ದ ಎಸಿಪಿ ತುಂಡದು. ಹೊಳೆಯುತ್ತದೆ, ಹಗುರ, ಸಲೀಸಾಗಿ ಕತ್ತರಿಸಬಹುದು. ಆದರೆ ಅದು ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಅಗ್ಗದ ಪ್ಲಾಸ್ಟಿಕ್ ತುಂಬಿದ ಸರಕು. ಮುಖ ಕರೆಂಟು ಹರಿಸುತ್ತದೆ, ಹೊಟ್ಟೆ ಉರಿಯುತ್ತದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರಲ್ಲ, ಬೆಂಕಿ ಗೋಡೆ ಹತ್ತಿ ಮೇಲೇರಿದ್ದು ಇದೇ ಜಾತಿಯ ಹೊದಿಕೆಯಿಂದ. ಅಂಥದ್ದಕ್ಕೆ ಇವನು ತೂತು ಕೊರೆದು, ರಬ್ಬರ್ ಗ್ರೋಮೆಟ್ ಕೂಡ ಹಾಕದೆ ವೈರು ತೂರಿಸಿದ್ದ. ತೂತಿನ ಅಂಚು ವೈರಿನ ಮೈ ಅರ್ಧ ಕೆರೆದಿತ್ತು. 12 ವೋಲ್ಟು ಮನುಷ್ಯನಿಗೆ ಶಾಕ್ ಕೊಡುವುದಿಲ್ಲ ನಿಜ. ಆದರೆ 100 ಆಂಪಿಯರ್-ಅವರ್ ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ತಾಗಿದರೆ ಕಬ್ಬಿಣ ಕೆಂಪಗಾಗುತ್ತದೆ.

ಹಾಗಾಗಿ ಹೈಲಂ ಹುಡುಕಾಟ. ಕಾಗದವನ್ನು ಫೀನಾಲಿಕ್ ರೆಸಿನ್‌ನಲ್ಲಿ ಅದ್ದಿ ಬಿಸಿಯಲ್ಲಿ ಒತ್ತಿದ ಶೀಟದು, ಬೇಕಲೈಟಿನ ವಂಶ. ಬೇಕಲೈಟು 1907ರದ್ದು, ಇವತ್ತಿಗೂ ಅದಕ್ಕೆ ಮುಪ್ಪಿಲ್ಲ. ಕರೆಂಟು ಹರಿಸದು, ಕಾದರೂ ಮೇಣದಂತೆ ಕರಗಿ ಇಳಿಯದು. ಕೊನೆಗೆ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ. ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಶೆಡ್ಡಿನಲ್ಲಿ ಕತ್ತರಿಸಿ ಉಳಿದ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಗುಜರಿಗೆ ಹೋಗಬೇಕಿದ್ದ 4 ಮಿಲಿಮೀಟರಿನ ಎರಡು ಕಪ್ಪು ತುಂಡು ಕೊಟ್ಟರು. ದುಡ್ಡು ಕೊಡಹೋದರೆ "ಟೀ ಕುಡಿಸಿ ಸಾಕು" ಎಂದರು.

ಮನೆಗೆ ತಂದು ಹ್ಯಾಕ್ಸಾ ಹಿಡಿದೆ. ಕೊಯ್ಯುವಾಗ ಏಳುವ ಆ ಕಾರ್ಬಾಲಿಕ್ ವಾಸನೆ! ಡಿಪೋದ ಮಧ್ಯಾಹ್ನಗಳೇ ಮೂಗಿಗೆ ಬಂದವು. ಹುಡುಗನಿಗೆ ಮೂಗು ಬಾಯಿ ಕಟ್ಟಿಕೊಳ್ಳಲು ಹೇಳಿದೆ, ಆ ಪುಡಿ ಒಳ್ಳೆಯದಲ್ಲ. ಅಡಿಗೆ ಮರದ ತುಂಡು ಕೊಟ್ಟು 12 ಮಿಲಿಮೀಟರಿನ ತೂತು ಕೊರೆಸಿದೆ. ಮರ ಕೊಡದಿದ್ದರೆ ಡ್ರಿಲ್ಲು ಆಚೆ ಬರುವಾಗ ಶೀಟು ಪದರ ಪದರವಾಗಿ ಏಳುತ್ತದೆ.

ಮಿಕ್ಕ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಕಳಿಸಿದೆ. ಇವನು ಮೊದಲು ಹೋಗಿದ್ದು ಎಸ್.ಪಿ. ರಸ್ತೆಗೆ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಅದನ್ನು ಮೀರಿಸಿದ್ದಿಲ್ಲ, ಆದರೆ ವ್ಯಾನು ಎಂದರೆ ಗಾಡಿ, ಗಾಡಿಯ ಸಾಮಾನು ಗಾಡಿಯ ಅಂಗಡಿಯಲ್ಲೇ ಕೇಳಬೇಕು. ಲಾರಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಲೋಹದ ಕಡ್ಡಿಯ ಟಾಗಲ್ ಸ್ವಿಚ್ಚು ಸಿಗುತ್ತದೆ, ಡಿಸಿ ಆಂಪಿಯರ್ ಅದರ ಬೆನ್ನ ಮೇಲೇ ಬರೆದಿರುತ್ತದೆ. ಎಂಟು ದಾರಿಯ ಬ್ಲೇಡ್ ಫ್ಯೂಸ್ ಬಾಕ್ಸೂ ಅಲ್ಲೇ. ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಕತ್ತಲಲ್ಲಿ ಟಾರ್ಚ್ ಹಿಡಿದು ಬದಲಿಸುವಾಗ ಬಣ್ಣದ ಬೆಲೆ ಗೊತ್ತಾಗುತ್ತದೆ. ಎಳೆ ಎಳೆಯ ವೈರು, ಲಗ್ಗು, ಕ್ರಿಂಪ್ ಮಾಡುವ ಇಕ್ಕಳ, ಒಂದು ತಾಮ್ರದ ಪಟ್ಟಿ. ಆ ಪಟ್ಟಿಗೆ ಬಸ್‌ಬಾರ್ ಎಂದು ಹೆಸರು. ಬಸ್ಸು, ಬಸ್‌ಬಾರ್ ಎರಡೂ ಹುಟ್ಟಿದ್ದು 'ಎಲ್ಲರಿಗೂ' ಎಂಬ ಅರ್ಥದ ಆಮ್ನಿಬಸ್ ಎಂಬ ಲ್ಯಾಟಿನ್ ಮಾತಿನಿಂದ. ಡಿಪೋದಲ್ಲಿ ಈ ವಿಷಯ ಹೇಳಿದಾಗಲೆಲ್ಲ ಯಾರೂ ನಂಬುತ್ತಿರಲಿಲ್ಲ.

ಮನೆಯ 1 ಚದರ ಮಿಲಿಮೀಟರ್ ವೈರನ್ನು ಕಿತ್ತು 2.5ರದ್ದು ಹಾಕಿದೆವು. ನಾಲ್ಕು ಮೀಟರ್ ದೂರದ ಪಂಪಿಗೆ ಹೋಗಿಬರುವಷ್ಟರಲ್ಲಿ ಹಳೆಯ ವೈರು ಸುಮಾರು 0.7 ವೋಲ್ಟ್ ನುಂಗುತ್ತಿತ್ತು. 230ರಲ್ಲಿ ಅಷ್ಟು ಹೋದರೆ ಕೇಳುವವರಿಲ್ಲ, 12ರಲ್ಲಿ ಪಂಪು ಮುಲುಗುತ್ತದೆ.

ಹೊಸ ಪ್ಯಾನೆಲ್ ನೋಡಲು ಬಸ್ಸಿನ ಡ್ಯಾಶ್‌ಬೋರ್ಡಿನಂತಿದೆ. ಹುಡುಗನಿಗೆ ಮೊದಲು ಮುಖ ಸಪ್ಪಗಾಯಿತು, ಫೋಟೋಗೆ ಚೆನ್ನಾಗಿರುವುದಿಲ್ಲವಂತೆ. ಇರಲಿ. ನಾಲ್ಕು ಸ್ಕ್ರೂ ಬಿಚ್ಚಿದರೆ ಹಿಂಬದಿ ಪೂರ್ತಿ ಕಾಣುತ್ತದೆ, ಪ್ರತಿ ವೈರಿಗೂ ಚೀಟಿ ಇದೆ, ನನಗೆ ಅದೇ ಚೆಂದ.

ಅಂಗಡಿಯವರಲ್ಲಿ ಒಂದು ಮಾತು. ಈಗ ವ್ಯಾನಿಗೆ, ತೋಟದ ಮನೆಯ ಸೋಲಾರಿಗೆ 12 ವೋಲ್ಟಿನ ಸಾಮಾನು ಕೇಳಿಕೊಂಡು ಹುಡುಗರು ಬರುತ್ತಿದ್ದಾರೆ. ಅವರ ಕೈಗೆ ಮನೆಯ ಸ್ವಿಚ್ಚು ಕೊಟ್ಟು "ನಡೆಯುತ್ತೆ ಸಾರ್" ಎನ್ನಬೇಡಿ. ಹತ್ತು ಡಿಸಿ ಸ್ವಿಚ್ಚು, ಹತ್ತು ಎಂಟಾರು ಹೈಲಂ ತರಿಸಿಡಿ. ನಾನಂತೂ ಇನ್ನೂ ಎರಡು ಶೀಟು ಕೊಳ್ಳುವವನಿದ್ದೇನೆ. ಹುಡುಗನ ಸ್ನೇಹಿತರ ಎರಡು ವ್ಯಾನು ಬರುವ ಭಾನುವಾರ ನಮ್ಮ ಮನೆಮುಂದೆ ನಿಲ್ಲಲಿವೆ.