ಬೀಗದೊಳಗಿನ ಮದ್ಯಸಾರ

ನಮ್ಮ ಪ್ರಯೋಗಶಾಲೆಗಳಲ್ಲಿ ಮದ್ಯಸಾರಕ್ಕೆ ಸಲ್ಲುವಷ್ಟು ಮರ್ಯಾದೆ ಬೇರಾವ ದ್ರವಕ್ಕೂ ಸಲ್ಲುವುದಿಲ್ಲ. ಅದಕ್ಕೆ ಪ್ರತ್ಯೇಕವಾದ ಕಪಾಟು, ಕಪಾಟಿಗೆ ಬೀಗ, ಬೀಗದ ಕೈ ವಿಭಾಗದ ಮುಖ್ಯಸ್ಥರ ಮೇಜಿನ ಖಾನೆಯಲ್ಲಿ. ಬಂದದ್ದೆಷ್ಟು, ವೆಚ್ಚವಾದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆದಿಡುವ ಪುಸ್ತಕ ಬೇರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯ ಸಣ್ಣ ಕಾಲೇಜುಗಳಾಗಲಿ, ಧಾರವಾಡದ ದೊಡ್ಡ ಕಾಲೇಜುಗಳಾಗಲಿ, ಈ ಕ್ರಮಕ್ಕೆ ಹೊರತಾಗಲಾರವು. ಆದರೆ ಈ ಎಚ್ಚರವೆಲ್ಲ ಯಾರನ್ನು ಕುರಿತದ್ದು? ಕುಡಿಯುವವನನ್ನು ಕುರಿತದ್ದು. ಕಿಡಿಯನ್ನು ಕುರಿತು ಆ ಕಪಾಟಿನ ಬಳಿ ಯಾವ ಎಚ್ಚರಿಕೆಯೂ ಸಾಮಾನ್ಯವಾಗಿ ಕಾಣಸಿಗದು.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಧಾರವಾಡ ಜಿಲ್ಲೆ 1956ನೆಯ ನವೆಂಬರ್ 1ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅಲ್ಲಿ 1949ರ ಪಾನನಿರೋಧ ಕಾಯಿದೆ ಜಾರಿಯಲ್ಲಿತ್ತು. ಮುಂದೆ ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯಿದೆ ಬಂದಿತು. ಎರಡರ ದೃಷ್ಟಿಯಲ್ಲಿಯೂ ಮದ್ಯಸಾರವೆಂದರೆ ಪೇಯ, ಇಲ್ಲವೆ ಪೇಯವಾಗಬಹುದಾದ ಪದಾರ್ಥ. ಇದನ್ನು ತಪ್ಪೆಂದು ಹೇಳಲಾಗದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತುದನ್ನು ಬಲ್ಲವರು ಆ ಬೀಗವನ್ನು ತೆಗೆಯಿರೆಂದು ಹೇಳಲಾರರು. ನಾನು ಹೇಳುವುದಿಷ್ಟೇ: ಕಾಯಿದೆ ಕೇಳಿದ್ದನ್ನು ಮಾಡಿ ಮುಗಿಸಿದೊಡನೆ ನಮ್ಮ ಕರ್ತವ್ಯವೂ ಮುಗಿಯಿತೆಂದು ಭಾವಿಸಿಬಿಟ್ಟಿದ್ದೇವೆ.

ಭೌತವಿಜ್ಞಾನ ಇಲ್ಲಿ ಬೇರೊಂದು ಮಾತನ್ನು ಹೇಳುತ್ತದೆ. ಉರಿಯುವುದು ದ್ರವವಲ್ಲ, ದ್ರವದ ಮೇಲಣ ಆವಿ. ಕಿಡಿ ತಾಗಿದೊಡನೆ ಹೊತ್ತಿಕೊಳ್ಳುವಷ್ಟು ಆವಿ ಯಾವ ಉಷ್ಣಮಾನದಲ್ಲಿ ಏಳುವುದೋ ಅದನ್ನು ಆ ದ್ರವದ ಜ್ವಲನಾಂಕವೆನ್ನುತ್ತಾರೆ. ಶುದ್ಧ ಮದ್ಯಸಾರಕ್ಕೆ ಇದು ಸುಮಾರು 13 ಡಿಗ್ರಿ ಸೆಲ್ಸಿಯಸ್. ನೂರಕ್ಕೆ 95ರಷ್ಟು ಮದ್ಯಸಾರವಿರುವ, ಪ್ರಯೋಗಶಾಲೆಯ ಸಾಮಾನ್ಯ ಸ್ಪಿರಿಟ್ಟಿಗೆ ಸುಮಾರು 17 ಡಿಗ್ರಿ. ನಮ್ಮ ಕಡೆ ಪುಷ್ಯಮಾಸದಲ್ಲಿಯೂ ಪಾಠದ ವೇಳೆಗೆ ಕೊಠಡಿಯ ಉಷ್ಣಮಾನ ಅದಕ್ಕಿಂತ ಕೆಳಗಿರುವುದು ಅಪರೂಪ. ಎಂದ ಮೇಲೆ ವರ್ಷದ ಎಲ್ಲ ದಿನಗಳಲ್ಲಿಯೂ ತೆರೆದ ಶೀಸೆಯ ಬಾಯಲ್ಲಿ ಬೆಂಕಿ ಒಂದು ಕಿಡಿಗಾಗಿ ಕಾದು ಕುಳಿತಿರುತ್ತದೆ.

ಹಳ್ಳಿಯಿಂದ ಬಂದ ಹುಡುಗ ಇದನ್ನು ಊಹಿಸಲಾರ. ಅವನ ಮನೆತನದ ಅನುಭವವೆಲ್ಲ ಸೀಮೆಎಣ್ಣೆಯದು, ನಮ್ಮವರ ಮಾತಿನಲ್ಲಿ ಚಿಮಣಿ ಎಣ್ಣೆಯದು. ಅದರ ಜ್ವಲನಾಂಕ 35 ಡಿಗ್ರಿಗಿಂತ ಕಡಿಮೆಯಿರಬಾರದೆಂದು ನಿಯಮವಿದೆ. ಕಡುಬೇಸಗೆಯನ್ನು ಬಿಟ್ಟರೆ ಬತ್ತಿಯ ನೆರವಿಲ್ಲದೆ ಅದು ಸುಲಭವಾಗಿ ಹೊತ್ತಿಕೊಳ್ಳದು. ಈ ಪಳಗಿದ ಎಣ್ಣೆಯ ಅಳತೆಯಿಂದಲೇ ಹುಡುಗ ಸ್ಪಿರಿಟ್ಟನ್ನೂ ಅಳೆಯುತ್ತಾನೆ. 1934ರ ಪೆಟ್ರೋಲಿಯಂ ಕಾಯಿದೆ ತೈಲಗಳನ್ನು ಜ್ವಲನಾಂಕಕ್ಕೆ ಅನುಸಾರವಾಗಿ ವಿಂಗಡಿಸಿ, 23 ಡಿಗ್ರಿಗಿಂತ ಕೆಳಗಿನವನ್ನು ಮೊದಲನೆಯ ವರ್ಗದಲ್ಲಿಡುತ್ತದೆ. ಆ ಕಾಯಿದೆ ಮದ್ಯಸಾರಕ್ಕೆ ಅನ್ವಯಿಸದು, ನಿಜ; ಆದರೆ ಅದೇ ಅಳತೆಗೋಲನ್ನು ಹಿಡಿದರೆ ಮದ್ಯಸಾರ ಕೂಡುವುದು ಪೆಟ್ರೋಲಿನ ಸಾಲಿನಲ್ಲಿಯೇ ಹೊರತು ಚಿಮಣಿ ಎಣ್ಣೆಯ ಸಾಲಿನಲ್ಲಲ್ಲ.

ಒಂದು ಸಂಗತಿಯಲ್ಲಂತೂ ಅದು ಪೆಟ್ರೋಲನ್ನೂ ಮೀರಿಸುತ್ತದೆ. ಗಾಳಿಯಲ್ಲಿ ಮದ್ಯಸಾರದ ಆವಿ ನೂರಕ್ಕೆ ಸುಮಾರು 3.3ರಿಂದ 19ರ ವರೆಗೆ ಬೆರೆತಿದ್ದರೆ ಆ ಮಿಶ್ರಣ ಉರಿಯಬಲ್ಲದು. ಮುಚ್ಚಿದ ಶೀಸೆಯೊಳಗೆ, ದ್ರವದ ಮೇಲಿರುವ ಗಾಳಿಯಲ್ಲಿ, 20 ಡಿಗ್ರಿಯಲ್ಲಿ ಆವಿಯ ಪ್ರಮಾಣ ನೂರಕ್ಕೆ ಸುಮಾರು 6. 40 ಡಿಗ್ರಿಯಲ್ಲಿ ಸುಮಾರು 18. ಅಂದರೆ ಚಳಿಗಾಲದಿಂದ ನವಲಗುಂದದ ಬೇಸಗೆಯವರೆಗೂ ಅರೆಬರಿದಾದ ಶೀಸೆಯ ಒಳಗಣ ಗಾಳಿ ಉರಿಯುವ ಹದದಲ್ಲಿಯೇ ಇರುತ್ತದೆ. ಪೆಟ್ರೋಲಿನ ಟಾಕಿಯೊಳಗೆ ಆವಿ ವಿಪರೀತವಾಗಿ ಸೇರಿ, ಉರಿಯಲು ಬೇಕಾದ ಗಾಳಿ ಸಾಲದೆ ಹೋಗುವುದರಿಂದ ಜ್ವಾಲೆ ಸಾಮಾನ್ಯವಾಗಿ ಒಳಹೊಗಲಾರದು. ಮದ್ಯಸಾರದ ಶೀಸೆಯೊಳಕ್ಕೆ ಅದು ಸರಾಗವಾಗಿ ನುಗ್ಗುತ್ತದೆ, ಉಳಿದ ದ್ರವವನ್ನು ಉರಿಯುವ ಬಾಣವಾಗಿ ಹೊರಕ್ಕೆ ಚಿಮ್ಮುತ್ತದೆ. ತುಂಬಿದ ಶೀಸೆಗೆ ಹೆದರುವವರು ಬರಿದಾಗುತ್ತ ಬಂದ ಶೀಸೆಗೆ ಹೆದರುವುದಿಲ್ಲ, ಹೆದರಬೇಕಾದದ್ದು ಅದಕ್ಕೇ.

ಇದು ಕೇವಲ ಲೆಕ್ಕದ ಮಾತಲ್ಲ. 2014ರ ಒಂದೇ ವರ್ಷದಲ್ಲಿ ಅಮೆರಿಕದ ನ್ಯೂಯಾರ್ಕ್ ಮತ್ತು ಡೆನ್ವರ್ ನಗರಗಳ ಶಾಲೆಗಳಲ್ಲಿಯೂ ರೀನೊ ನಗರದ ಒಂದು ವಿಜ್ಞಾನ ಸಂಗ್ರಹಾಲಯದಲ್ಲಿಯೂ ಮಕ್ಕಳ ಮುಂದೆ ಬಣ್ಣದ ಜ್ವಾಲೆಗಳನ್ನು ತೋರಿಸುವಂಥ ಪ್ರಯೋಗಗಳು ನಡೆದಾಗ ಮೆಥನಾಲ್ ಹೀಗೆಯೇ ಸಿಡಿದು ಪ್ರೇಕ್ಷಕರನ್ನು ಸುಟ್ಟಿತು. ರೀನೊದಲ್ಲಿ ಗಾಯಗೊಂಡವರು 13 ಮಂದಿ. ಜ್ವಾಲೆ ಆರಿತೆಂದೋ ಸಾಲದೆಂದೋ ದೊಡ್ಡ ಶೀಸೆಯಿಂದಲೇ ನೇರವಾಗಿ ಇನ್ನಷ್ಟು ಸುರಿದುದು ಇಂಥ ಅವಘಡಗಳ ಮೂಲ. ಹಗಲು ಬೆಳಕಿನಲ್ಲಿ ಮದ್ಯಸಾರದ ಮಸುಕು ನೀಲಿ ಜ್ವಾಲೆ ಕಣ್ಣಿಗೆ ಬೀಳದೆ ಇರುವುದೂ ಉಂಟು. ಅಂಥ ಅನುಕೂಲವಂತ ಶಾಲೆಗಳಲ್ಲಿ ಆದದ್ದು ಅನಿಲದ ಕೊಳವೆಯಿಲ್ಲದೆ, ಸ್ಪಿರಿಟ್ ದೀಪವನ್ನೇ ನಂಬಿಕೊಂಡಿರುವ ನಮ್ಮ ಕೊಠಡಿಗಳಲ್ಲಿ ಆಗದೆನ್ನಲು ಆಧಾರವೇನು?

ಆವಿಯ ಇನ್ನೊಂದು ಗುಣವನ್ನೂ ಹೇಳಬೇಕು. ಅದು ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಮೇಲಕ್ಕೇರಿ ಕಿಟಕಿಯಿಂದ ಹೋಗುವ ಬದಲು ಅದು ಮೇಜಿನ ಮೇಲೆ ಹರಿದು ನೆಲಕ್ಕಿಳಿಯುತ್ತದೆ. ನೂರು ಮಿಲಿಲೀಟರ್ ಸ್ಪಿರಿಟ್ ಚೆಲ್ಲಿ ಆವಿಯಾದರೆ ಸುಮಾರು 40 ಲೀಟರ್ ಆವಿ; ಅದು ಸಾವಿರದ ಇನ್ನೂರು ಲೀಟರಿಗೂ ಹೆಚ್ಚು ಗಾಳಿಯನ್ನು ಉರಿಯಬಲ್ಲ ಮಿಶ್ರಣವಾಗಿ ಮಾರ್ಪಡಿಸಬಲ್ಲದು. ಶೀಸೆ ಈ ಮೇಜಿನ ಮೇಲಿದ್ದು ದೀಪ ಆಚೆಯ ಮೇಜಿನ ಮೇಲಿದ್ದರೆ ಸಾಕೆಂಬ ಸಮಾಧಾನ ಆದ್ದರಿಂದ ನಿಲ್ಲದು. ನೀರು ಬೆರೆಸಿದರೆ ಅಪಾಯ ತಪ್ಪಿತೆಂಬುದೂ ಪೂರ್ಣ ನಿಜವಲ್ಲ: ನೂರಕ್ಕೆ 20ರಷ್ಟು ಮಾತ್ರ ಮದ್ಯಸಾರವಿರುವ ನೀರಿನ ಜ್ವಲನಾಂಕವೂ ಸುಮಾರು 36 ಡಿಗ್ರಿ, ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಅದು ದೂರವಲ್ಲ. 2020ರ ಕೋವಿಡ್ ದಿನಗಳಲ್ಲಿ ಶಾಲೆಗಳಿಗೆ ಬಂದ ಕೈಶುದ್ಧಿಯ ದ್ರವದಲ್ಲಿಯೂ ಬಹುಪಾಲು ಮದ್ಯಸಾರವೇ ಇತ್ತು. ಆ ಡಬ್ಬಿಗಳೇನಾದರೂ ಮೂಲೆಯಲ್ಲಿ ಉಳಿದಿದ್ದರೆ ಅವನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಪ್ರೌಢಶಾಲೆಯ ಪ್ರಯೋಗಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಎಲೆಯಲ್ಲಿ ಪಿಷ್ಟವನ್ನು ಕಂಡುಹಿಡಿಯುವ ನಿರಪಾಯವೆಂಬಂತೆ ತೋರುವ ಪ್ರಯೋಗ. ಎಲೆಯ ಹಸಿರನ್ನು ತೆಗೆಯಲು ಅದನ್ನು ಮದ್ಯಸಾರದಲ್ಲಿ ಕುದಿಸಬೇಕು. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕಾಯಿಸಬೇಕೆಂದು ಪುಸ್ತಕ ಹೇಳುತ್ತದೆ. ಕೆಳಗೆ ಉರಿಯುವ ದೀಪವನ್ನು ಆರಿಸಿರೆಂಬ ಮಾತು ಮಾತ್ರ ಗಂಟೆಯ ಅವಸರದಲ್ಲಿ ಮರೆತುಹೋಗುತ್ತದೆ. ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ. ಆದುದರಿಂದ ಮೊದಲು ನೀರನ್ನೊಂದನ್ನೇ ಕುದಿಸಿ, ದೀಪವನ್ನು ಆರಿಸಿ, ಆಮೇಲೆ ಕಪಾಟಿನಿಂದ ಸ್ಪಿರಿಟ್ಟನ್ನು ತಂದು, ಎಲೆಯಿರುವ ಪ್ರನಾಳವನ್ನು ಆ ನೀರಿನಲ್ಲಿ ಇಳಿಬಿಟ್ಟರೆ ಕೆಲವು ನಿಮಿಷಗಳಲ್ಲಿ ಕೆಲಸವಾಗುತ್ತದೆ. ಬೆಂಕಿ ಮತ್ತು ಮದ್ಯಸಾರ ಒಂದೇ ವೇಳೆಗೆ ಆ ಕೊಠಡಿಯಲ್ಲಿರುವ ಅಗತ್ಯವೇ ಇಲ್ಲ. ಇದಕ್ಕೆ ಕಾಸಿನ ವೆಚ್ಚವೂ ಇಲ್ಲ.

ದೀಪದ ವಿಷಯವನ್ನು ಅಧ್ಯಾಪಕರು ಬಲ್ಲರು: ಮೂರರಲ್ಲಿ ಎರಡು ಪಾಲು ತುಂಬಿಸಬೇಕು, ತೀರ ಬರಿದಾಗಲು ಬಿಡಬಾರದು, ಆರಿ ತಣ್ಣಗಾದ ಮೇಲೆಯೇ ಮತ್ತೆ ತುಂಬಿಸಬೇಕು, ಊದದೆ ಮುಚ್ಚಳದಿಂದ ಆರಿಸಬೇಕು. ಕಪಾಟಿನ ಸ್ಥಾನವನ್ನು ಮಾತ್ರ ಬದಲಿಸಬೇಕಾಗಿದೆ. ಪಡುವಣ ಬಿಸಿಲು ಬೀಳುವ ಗೋಡೆ, ಬಾಗಿಲ ಪಕ್ಕ, ಮೆಟ್ಟಿಲ ಕೆಳಗಣ ಕತ್ತಲೆ, ಇವು ಮೂರೂ ಅದಕ್ಕೆ ತಕ್ಕ ಎಡೆಗಳಲ್ಲ. ಹೊರಬಾಗಿಲ ಪಕ್ಕದ ಕಪಾಟು ಹೊತ್ತಿದರೆ ಒಳಗಿನ ಮಕ್ಕಳು ಹೊರಬರುವುದೆಲ್ಲಿಂದ? ನೈಟ್ರಿಕ್ ಆಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಇವುಗಳ ನೆರೆಯಲ್ಲಿ ಮದ್ಯಸಾರ ಇರಲೇಬಾರದು. ದೊಡ್ಡ ಡಬ್ಬಿ ಕಪಾಟಿನಲ್ಲಿಯೇ ಉಳಿಯಲಿ. ಮೇಜಿಗೆ ಆ ದಿನಕ್ಕೆ ಬೇಕಾದ ನೂರು ಮಿಲಿಲೀಟರಿನ ಮುಚ್ಚಳದ ಶೀಸೆ, ಹೆಸರು ಬರೆದದ್ದು, ಬಂದರೆ ಸಾಕು.

ಬಟ್ಟೆಗೆ ಬೆಂಕಿ ತಾಗಿದರೆ ಓಡಗೊಡದೆ ನೆಲಕ್ಕೆ ಮಲಗಿಸಿ ಹೊದೆಸಲು ಏನಾದರೂ ಕೈಗೆ ಸಿಗಬೇಕು. ಪೇಟೆಯ ಅಗ್ನಿನಿರೋಧಕ ಹೊದಿಕೆ ದೊರೆಯದಿದ್ದರೆ ನಮ್ಮ ಕುರುಬರು ನೇಯುವ ಕರಿಯ ಕಂಬಳಿ ಸಾಲುತ್ತದೆ. ಉಣ್ಣೆ ಬೇಗ ಹೊತ್ತಿಕೊಳ್ಳದು, ಕರಕಾಗಿ ನಿಲ್ಲುತ್ತದೆ. ನವಲಗುಂದದ ಜಮಖಾನೆ ಎಷ್ಟೇ ಅಂದವಾಗಿದ್ದರೂ ಹತ್ತಿಯದು, ಈ ಕೆಲಸಕ್ಕೆ ಬಾರದು. ಕಂಬಳಿಯ ಜೊತೆಗೆ ಒಣಮರಳಿನ ಎರಡು ಬಕೀಟು, ಒಂದು ಒಣಪುಡಿಯ ಅಗ್ನಿಶಾಮಕ. ಸಾಮಾನ್ಯ ನೊರೆಯ ಅಗ್ನಿಶಾಮಕವನ್ನು ಕೊಳ್ಳಬಾರದು, ಮದ್ಯಸಾರ ಆ ನೊರೆಯನ್ನೇ ಕರಗಿಸಿಬಿಡುತ್ತದೆ.

ತಪಾಸಣೆಗೆ ಬರುವ ಅಧಿಕಾರಿಗಳು ಮದ್ಯಸಾರದ ಪುಸ್ತಕವನ್ನು ತೆರೆದು, ಉಳಿದದ್ದೆಷ್ಟೆಂದು ಮಿಲಿಲೀಟರಿನವರೆಗೆ ಕೇಳುತ್ತಾರೆ. ಕೇಳಲಿ. ಆ ಪುಸ್ತಕವನ್ನು ಮುಚ್ಚಿದ ಬಳಿಕ ಎದ್ದುನಿಂತು, ಕಪಾಟು ಎಲ್ಲಿದೆ, ಮರಳು ಎಲ್ಲಿದೆ, ಕಂಬಳಿ ಎಲ್ಲಿದೆ ಎಂದೂ ಕೇಳುವಂತಾಗಬೇಕು.