ಸತ್ತವರಿಗಾಗಿ ಪ್ರಾರ್ಥಿಸಬಹುದೇ?

ನವೆಂಬರ್ 2ರಂದು ಮಂಗಳೂರಿನ ಯಾವ ಕಥೋಲಿಕ ಚರ್ಚಿನ ಸ್ಮಶಾನಕ್ಕೆ ಹೋದರೂ ಜನ ಸೇರಿರುತ್ತಾರೆ. ಸಮಾಧಿಗಳನ್ನು ತೊಳೆದು ಚೊಕ್ಕಟ ಮಾಡಿ ಹೂವಿಟ್ಟಿರುತ್ತಾರೆ. ಮನೆಮಂದಿ ಮೇಣದಬತ್ತಿ ಹಚ್ಚಿ ಸುತ್ತ ನಿಂತು ಅಪ್ಪನ, ಅಜ್ಜಿಯ, ಎಳವೆಯಲ್ಲೇ ಹೋದ ಮಗುವಿನ ಆತ್ಮಕ್ಕೆ ಶಾಂತಿ ಕೊಡೆಂದು ದೇವರನ್ನು ಬೇಡುತ್ತಾರೆ. ಅದೇ ಊರಿಗೆ 1834ರಲ್ಲಿ ಬಾಸೆಲ್ ಮಿಶನ್ ತಂದ ಪ್ರೊಟೆಸ್ಟಂಟ್ ಪರಂಪರೆಯಲ್ಲಿ ಈ ಬೇಡಿಕೆ ಇಲ್ಲ. ಅವರೂ ಸ್ಮರಣೆಯ ಆರಾಧನೆ ನಡೆಸುತ್ತಾರೆ, ಅಗಲಿದವರ ಬದುಕಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ, ಉಳಿದವರಿಗೆ ಸಮಾಧಾನ ಕೇಳುತ್ತಾರೆ. ಹೋದವರಿಗಾಗಿ ಮಾತ್ರ ಏನನ್ನೂ ಕೇಳುವುದಿಲ್ಲ. ಅವರು ಈಗಾಗಲೇ ದೇವರ ಕೈಯಲ್ಲಿದ್ದಾರೆ, ಇನ್ನು ಕೇಳುವುದಕ್ಕೇನಿದೆ ಎಂಬುದು ಅವರ ನಂಬಿಕೆ.

ಎರಡು ಕಡೆಯವರೂ ಕ್ರಿಸ್ತನ ಪುನರಾಗಮನವನ್ನು, ಅಂತಿಮ ತೀರ್ಪನ್ನು, ದೇಹದ ಪುನರುತ್ಥಾನವನ್ನು ನಂಬುವವರೇ. ಭಿನ್ನಮತ ಇರುವುದು ಸಾವಿಗೂ ಆ ಕೊನೆಯ ದಿನಕ್ಕೂ ನಡುವಿನ ಅವಧಿಯ ಬಗ್ಗೆ. ದೇವರ ಕೃಪೆಯಲ್ಲಿ ಸತ್ತರೂ ಪೂರ್ತಿ ಶುದ್ಧವಾಗದ ಆತ್ಮ ಸ್ವರ್ಗ ಸೇರುವ ಮುನ್ನ ಶುದ್ಧೀಕರಣಕ್ಕೆ ಒಳಗಾಗುತ್ತದೆ, ಅಂಥ ಆತ್ಮಕ್ಕೆ ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆ ಎನ್ನುತ್ತದೆ ಕಥೋಲಿಕ ಸಭೆ. ಇದನ್ನೇ ಪರ್ಗೆಟರಿ ಎನ್ನುವುದು. ಈ ನಡುವಿನ ಅವಧಿಯ ಬಗ್ಗೆ ಪೋಪರ ಪೀಠದಲ್ಲೇ ಒಮ್ಮೆ ಗೊಂದಲವಿತ್ತು. ನೀತಿವಂತರ ಆತ್ಮಗಳಿಗೂ ಅಂತಿಮ ತೀರ್ಪಿನವರೆಗೆ ದೇವರ ಪೂರ್ಣ ದರ್ಶನವಿಲ್ಲ ಎಂದು 1331ರಲ್ಲಿ ಅವಿನ್ಯೋನ್‌ನಲ್ಲಿ ಬೋಧಿಸಿದ ಪೋಪ್ 22ನೇ ಜಾನ್, 1334ರಲ್ಲಿ ಮರಣಶಯ್ಯೆಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಶುದ್ಧವಾದ ಆತ್ಮಗಳಿಗೆ ಆ ದರ್ಶನ ಕೂಡಲೇ ಲಭಿಸುತ್ತದೆ ಎಂದು ಅವರ ಉತ್ತರಾಧಿಕಾರಿ 12ನೇ ಬೆನೆಡಿಕ್ಟ್ 1336ರಲ್ಲಿ ಘೋಷಿಸಿದರು.

ಮೊದಲು ಗ್ರಂಥವನ್ನೇ ನೋಡೋಣ. ಸತ್ತವರಿಗಾಗಿ ಪ್ರಾರ್ಥಿಸಿದ ನೇರ ಉದಾಹರಣೆ ಇರುವುದು ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯದಲ್ಲಿ. ಯುದ್ಧದಲ್ಲಿ ಮಡಿದ ಯೆಹೂದಿ ಸೈನಿಕರ ಅಂಗಿಯೊಳಗೆ ವಿಗ್ರಹಗಳ ತಾಯತಗಳು ಸಿಗುತ್ತವೆ. ಅವರ ಪಾಪಕ್ಷಮೆಗಾಗಿ ಬಲಿ ಅರ್ಪಿಸಲು ನಾಯಕ ಯೂದನು ಹಣ ಕೂಡಿಸಿ ಜೆರುಸಲೇಮಿಗೆ ಕಳಿಸುತ್ತಾನೆ. ಕಥೋಲಿಕರ ಕನ್ನಡ ಬೈಬಲ್ಲಿನಲ್ಲಿ ಈ ಗ್ರಂಥವಿದೆ, ಪ್ರೊಟೆಸ್ಟಂಟರು ಓದುವ ‘ಸತ್ಯವೇದ’ದಲ್ಲಿ ಇಲ್ಲ. ಹಾಗಾಗಿ ಈ ಸಾಕ್ಷ್ಯ ಒಂದು ಕಡೆಯವರಿಗೆ ಮಾತ್ರ ಸಾಕ್ಷ್ಯ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ಬೆಂಕಿಯ ಮೂಲಕ ಹಾದು ಉಳಿಯುವವನ ಮಾತನ್ನು ಪೌಲ ಆಡುತ್ತಾನೆ. ಕಥೋಲಿಕರು ಅದನ್ನು ಶುದ್ಧೀಕರಣವೆಂದು ಓದುತ್ತಾರೆ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಸಭೆಯನ್ನು ಕಟ್ಟುವವರ ಕೆಲಸ. ಇನ್ನೊಂದು ಕಡೆ, ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು ಅದೇ ದಿನ ಪರದೈಸಿನ ಮಾತು ಕೊಡುತ್ತಾನೆ. ಅವನಿಗೆ ತಪಸ್ಸು ಮಾಡಲು, ಪರಿಹಾರ ಸಲ್ಲಿಸಲು ಒಂದು ಗಳಿಗೆಯ ಪುರುಸೊತ್ತೂ ಇರಲಿಲ್ಲ. ಬರೀ ಗ್ರಂಥವನ್ನೇ ತಕ್ಕಡಿಗೆ ಹಾಕಿದರೆ ಪ್ರೊಟೆಸ್ಟಂಟರ ತಟ್ಟೆಯೇ ತೂಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಆರಂಭದ ಕ್ರೈಸ್ತರು ಬದುಕಿದ ರೀತಿ ಬೇರೆಯೇ ಕಥೆ ಹೇಳುತ್ತದೆ. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ 203ರಲ್ಲಿ ಹುತಾತ್ಮಳಾದ ಪರ್ಪೆಚುವಾ ಎಂಬ ಯುವತಿಯ ಸೆರೆಮನೆಯ ಬರಹ ನಮಗೆ ಉಳಿದುಬಂದಿದೆ. ಅವಳಿಗೆ ದಿನೋಕ್ರಾತೆಸ್ ಎಂಬ ತಮ್ಮನಿದ್ದ. ಏಳನೇ ವಯಸ್ಸಿಗೆ ಮುಖದ ಮೇಲಿನ ಹುಣ್ಣಿನಿಂದ ಸತ್ತಿದ್ದ. ಸೆರೆಯಲ್ಲಿ ಅವಳಿಗೊಂದು ದರ್ಶನವಾಗುತ್ತದೆ: ಕತ್ತಲೆಯಿಂದ ಹೊರಬಂದ ಹುಡುಗ ಬಾಯಾರಿ ನಿಂತಿದ್ದಾನೆ, ಮುಖದ ಗಾಯ ಹಾಗೇ ಇದೆ, ಎದುರಿಗೆ ನೀರಿನ ಕೊಳವಿದೆ, ಆದರೆ ಅದರ ಕಟ್ಟೆ ಅವನಿಗಿಂತ ಎತ್ತರ. ಎಷ್ಟು ನಿಗುರಿದರೂ ನೀರು ಎಟುಕದು. ಅಕ್ಕ ಹಗಲೂ ರಾತ್ರಿ ಅತ್ತು ಪ್ರಾರ್ಥಿಸುತ್ತಾಳೆ. ಇನ್ನೊಂದು ದರ್ಶನದಲ್ಲಿ ಕಟ್ಟೆ ಅವನ ಹೊಕ್ಕುಳ ಮಟ್ಟಕ್ಕೆ ಇಳಿದಿರುತ್ತದೆ, ಗಾಯದ ಜಾಗದಲ್ಲಿ ಬರೀ ಕಲೆ ಉಳಿದಿರುತ್ತದೆ, ಹುಡುಗ ಚಿನ್ನದ ಬಟ್ಟಲಿನಿಂದ ನೀರು ಕುಡಿದು, ಮಕ್ಕಳ ಹಾಗೆ ಆಡಲು ಓಡುತ್ತಾನೆ. ಸಾವಿನ ಅಂಚಿನಲ್ಲಿದ್ದವಳು ತನಗಾಗಿ ಬೇಡದೆ, ಹಿಂದೆಂದೋ ಸತ್ತ ತಮ್ಮನಿಗಾಗಿ ಬೇಡಿದಳು. ಹಾಗೆ ಬೇಡುವುದು ತಪ್ಪೆಂದು ಅವಳಿಗೆ ತೋರಲೇ ಇಲ್ಲ.

ದರ್ಶನವೊಂದರಿಂದ ಸಿದ್ಧಾಂತ ಹುಟ್ಟುವುದಿಲ್ಲ ಎಂದು ಪ್ರೊಟೆಸ್ಟಂಟರು ಹೇಳಬಹುದು. ಪ್ರಾಚೀನ ಸಭೆಯ ದೊಡ್ಡ ಚಿಂತಕ ಅಗಸ್ಟೀನನೂ ಈ ಬರಹ ಪವಿತ್ರ ಗ್ರಂಥವಲ್ಲ ಎಂದು ನೆನಪಿಸಿದ್ದಾನೆ. ಆದರೆ ಅದೇ ಅಗಸ್ಟೀನನ ತಾಯಿ ಮೋನಿಕಾ 387ರಲ್ಲಿ ಓಸ್ತಿಯಾದಲ್ಲಿ ಸಾಯುವಾಗ, ನನ್ನ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಬಲಿಪೀಠದ ಬಳಿ ನನ್ನನ್ನು ನೆನೆಯುವುದನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಂಡಳು. ಮಗ ಆ ಮಾತನ್ನು ನಡೆಸಿದ, ತನ್ನ ಓದುಗರಲ್ಲೂ ಅದನ್ನೇ ಬೇಡಿಕೊಂಡ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಪರ್ಗೆಟರಿಯ ಸಿದ್ಧಾಂತವನ್ನು ಒಪ್ಪುವುದಿಲ್ಲ, ಆದರೂ ಸತ್ತವರಿಗಾಗಿ ಇಂದಿಗೂ ಪ್ರಾರ್ಥಿಸುತ್ತವೆ. ಈ ಪದ್ಧತಿ ಮಧ್ಯಯುಗದ ರೋಮಿನಲ್ಲಿ ಯಾರೋ ಕಟ್ಟಿದ್ದು ಎನ್ನುವ ಆರೋಪ ನಿಲ್ಲುವುದಿಲ್ಲ.

ಮಧ್ಯಯುಗ ಇದಕ್ಕೆ ಸೇರಿಸಿದ್ದು ಸ್ಥಳವನ್ನು, ಲೆಕ್ಕವನ್ನು, ಆಮೇಲೆ ದುಡ್ಡನ್ನು. ಪರ್ಗೆಟರಿಗೆ ಒಂದು ಜಾಗದ ಹೆಸರು ಗಟ್ಟಿಯಾಗಿ ಅಂಟಿದ್ದು 12ನೇ ಶತಮಾನದ ಕೊನೆಯ ದಶಕಗಳಲ್ಲಿ ಎಂದು ಫ್ರೆಂಚ್ ಇತಿಹಾಸಕಾರ ಜಾಕ್ ಲ ಗೊಫ್ 1981ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಪಾಪದ ಶಿಕ್ಷೆಯನ್ನು ತಗ್ಗಿಸುತ್ತದೆನ್ನುವ ಪಾಪವಿಮೋಚನಾ ಪತ್ರದ ಫಲವನ್ನು ಸತ್ತವರ ಆತ್ಮಗಳಿಗೂ ಅನ್ವಯಿಸಬಹುದೆಂದು 1476ರಲ್ಲಿ ಪೋಪ್ 4ನೇ ಸಿಕ್ಸ್‌ಟಸ್ ಹೇಳಿದರು. 1517ರ ಹೊತ್ತಿಗೆ ಜರ್ಮನಿಯಲ್ಲಿ ಟೆಟ್ಜೆಲ್ ಎಂಬ ಬೋಧಕ ಈ ಪತ್ರಗಳನ್ನು ಮಾರುತ್ತಿದ್ದ. ರೋಮಿನ ಸಂತ ಪೇತ್ರರ ಮಹಾದೇವಾಲಯಕ್ಕೆಂದು ಕೂಡಿಸಿದ ಆ ಹಣದಲ್ಲಿ ಅರ್ಧ, ಮೈನ್ಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಫುಗ್ಗರ್ ಮನೆತನದಲ್ಲಿ ಮಾಡಿದ್ದ ಸಾಲಕ್ಕೆ ಹೋಗುತ್ತಿತ್ತು. ಸತ್ತ ತಾಯಿ ಬೆಂಕಿಯಲ್ಲಿ ಬೇಯುತ್ತಿದ್ದಾಳೆಂದು ನಂಬಿಸಿ ಬಡವನ ಕಾಸು ಕಿತ್ತುಕೊಳ್ಳುವುದಕ್ಕಿಂತ ನೀಚ ಕೆಲಸ ಇನ್ನೊಂದಿಲ್ಲ. ಸುಧಾರಕ ಲೂಥರ್ ಆಗ ಪರ್ಗೆಟರಿಯನ್ನೇ ಅಲ್ಲಗಳೆದಿರಲಿಲ್ಲ. ಪೋಪರಿಗೆ ಆತ್ಮಗಳನ್ನು ಬಿಡಿಸುವ ಅಧಿಕಾರವಿದ್ದರೆ ಹಣಕ್ಕಾಗಿ ಕಾಯದೆ ಪ್ರೀತಿಯಿಂದಲೇ ಎಲ್ಲರನ್ನೂ ಏಕೆ ಬಿಡಿಸಬಾರದು ಎಂದು ಜನ ಕೇಳುತ್ತಿದ್ದಾರೆ ಎಂದಷ್ಟೇ ತನ್ನ 95 ಪ್ರತಿಪಾದನೆಗಳಲ್ಲಿ ಬರೆದ. ಪೂರ್ತಿ ತಿರಸ್ಕರಿಸಿದ್ದು 1530ರಲ್ಲಿ. ಕಥೋಲಿಕರ ಟ್ರೆಂಟ್ ಮಹಾಸಭೆಯೂ 1563ರಲ್ಲಿ ಸಿದ್ಧಾಂತವನ್ನು ಉಳಿಸಿಕೊಂಡೇ, ಅದರ ಹೆಸರಿನ ಮೂಢನಂಬಿಕೆಯನ್ನೂ ಹಣಗಳಿಕೆಯನ್ನೂ ನಿಷೇಧಿಸಿತು. ಬಡವರು ಕಾಣಿಕೆ ಕೊಡದಿದ್ದರೂ ಅವರ ಕೋರಿಕೆಗೆ ಬಲಿಪೂಜೆ ಅರ್ಪಿಸಬೇಕೆಂದು ಇಂದಿನ ಕಥೋಲಿಕ ಧರ್ಮಸಂಹಿತೆ ಗುರುಗಳಿಗೆ ಒತ್ತಿ ಹೇಳುತ್ತದೆ.

ಹಣದ ಕೊಳೆಯನ್ನು ತೊಳೆದಿಟ್ಟರೆ ಉಳಿಯುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಅಶುದ್ಧವಾದದ್ದು ದೇವರ ಮುಂದೆ ನಿಲ್ಲಲಾರದು ಎಂಬುದು ಇಬ್ಬರಿಗೂ ಒಪ್ಪಿಗೆ. 17ನೇ ಶತಮಾನದ ಪ್ರೊಟೆಸ್ಟಂಟರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ ಪ್ರಕಾರ ನೀತಿವಂತರ ಆತ್ಮ ಸಾವಿನ ಹೊತ್ತಿಗೆ ಪವಿತ್ರತೆಯಲ್ಲಿ ಪರಿಪೂರ್ಣವಾಗುತ್ತದೆ. ಕಥೋಲಿಕರ ಪ್ರಕಾರ ಅದಕ್ಕೊಂದು ಪ್ರಕ್ರಿಯೆಯಿದೆ. ಆದರೆ 2007ರ ತಮ್ಮ ಪತ್ರದಲ್ಲಿ ಪೋಪ್ 16ನೇ ಬೆನೆಡಿಕ್ಟ್, ಶುದ್ಧೀಕರಿಸುವ ಆ ಬೆಂಕಿ ಕ್ರಿಸ್ತನೇ ಇರಬಹುದು, ಅವನೊಂದಿಗಿನ ಭೇಟಿಯ ಅವಧಿಯನ್ನು ಈ ಲೋಕದ ಗಡಿಯಾರದಿಂದ ಅಳೆಯಲಾಗದು ಎಂದರು. ಕ್ಷಣವೋ ಕಾಲವೋ ಎಂಬ ಜಗಳಕ್ಕೆ ಅಲ್ಲಿಗೆ ಹೆಚ್ಚಿನ ಬಲವಿಲ್ಲ. ಪ್ರೊಟೆಸ್ಟಂಟನೇ ಆದ ಲೇಖಕ ಸಿ.ಎಸ್. ಲೂಯಿಸ್ ಕೂಡ ತಾನು ಸತ್ತವರಿಗಾಗಿ ಪ್ರಾರ್ಥಿಸುತ್ತೇನೆ, ಪರ್ಗೆಟರಿಯನ್ನು ನಂಬುತ್ತೇನೆ ಎಂದು ತನ್ನ ಕೊನೆಯ ವರ್ಷಗಳಲ್ಲಿ ಬರೆದ.

ಉಳಿದದ್ದು ನಿಜವಾದ ಅಂತರ: ನಮ್ಮ ಪ್ರಾರ್ಥನೆ ಅವರನ್ನು ಮುಟ್ಟುತ್ತದೆಯೇ? ಕ್ರಿಸ್ತನ ಬಲಿ ಸಂಪೂರ್ಣ, ಅದಕ್ಕೆ ನಾವು ಸೇರಿಸುವುದೇನೂ ಇಲ್ಲ ಎನ್ನುವ ಪ್ರೊಟೆಸ್ಟಂಟ್ ಮಾತಿನ ಹಿಂದೆ ದೊಡ್ಡ ಕರುಣೆಯಿದೆ. ಸಾಯುತ್ತಿರುವವರ ಕೈಹಿಡಿದು, ಕಣ್ಣು ಮುಚ್ಚಿದರೆ ನೀವು ಕ್ರಿಸ್ತನ ಬಳಿಯೇ ಇರುತ್ತೀರಿ ಎಂದು ಹೇಳುವ ಧೈರ್ಯವನ್ನು ಅದು ಕೊಡುತ್ತದೆ. ಪ್ರೀತಿ ಸಾವಿನಾಚೆಗೂ ಕೆಲಸ ಮಾಡುತ್ತದೆ ಎನ್ನುವ ಕಥೋಲಿಕ ಮಾತಿನಲ್ಲೂ ಅಷ್ಟೇ ಕರುಣೆಯಿದೆ. ಅಪ್ಪನೊಂದಿಗೆ ಮುನಿಸಿಕೊಂಡೇ ಅವನನ್ನು ಕಳೆದುಕೊಂಡ ಮಗನಿಗೆ ಇನ್ನೂ ಏನೋ ಮಾಡಬಹುದು ಎಂದು ಅದು ಹೇಳುತ್ತದೆ. ಪರ್ಗೆಟರಿಯ ನಕ್ಷೆಯನ್ನು ನಾನು ಒಪ್ಪಲಾರೆ. ಅದಕ್ಕೆ ಗ್ರಂಥದ ಆಧಾರ ಸಾಲದು. ಆದರೆ ಸತ್ತವರಿಗಾಗಿ ದೇವರನ್ನು ಬೇಡುವುದು ತಪ್ಪೆಂದೂ ಹೇಳಲಾರೆ.

ಕಥೋಲಿಕ–ಪ್ರೊಟೆಸ್ಟಂಟ್ ಮದುವೆಗಳು ನಮ್ಮಲ್ಲಿ ಹೊಸತಲ್ಲ. ಅಂಥ ಮನೆಯಲ್ಲಿ ಸಾವಾದಾಗ, ಹೋದವರ ಹೆಸರಿನಲ್ಲಿ ಪೂಜೆ ಇಡಿಸಬೇಕೇ ಬೇಡವೇ ಎಂಬ ಮಾತು ಬಂದೇ ಬರುತ್ತದೆ. ಇಡಿಸುವವರನ್ನು ಮೂಢರೆನ್ನಬೇಡಿ, ಇಡಿಸದವರನ್ನು ಕಲ್ಲೆದೆಯವರೆನ್ನಬೇಡಿ. ಇಬ್ಬರೂ ಸತ್ತವರನ್ನು ಒಪ್ಪಿಸುತ್ತಿರುವುದು ಒಬ್ಬನೇ ಕ್ರಿಸ್ತನಿಗೆ.