ಓಐಎಸ್ ಐತಿ ಅಂತ ಮೈಮರೀಬ್ಯಾಡ್ರಿ (ಭಾಗ 4)

ದೋಸ್ತರ, ‘ಓಐಎಸ್ ಇರೋ ಲೆನ್ಸ್ ತಗೊಂಡೆ, ಇನ್ನ ಫೋಟೋ ಅಲುಗಾಡಂಗಿಲ್ಲ’ ಅನ್ನೋ ಮಾತು ಮೊದಲ ಬಿಡ್ರಿ. ಒಳಗಿನ ಗಾಜು ಆಕಡೆ ಈಕಡೆ ಸರಿದು ಸಂಭಾಳಿಸೋದು ನಿಮ್ಮ ಕೈ ನಡುಕ ಅಷ್ಟ. ಎದುರಿಗೆ ಓಡೋ ಎತ್ತನ್ನ ಅದು ಹಿಡಿದು ನಿಲ್ಲಿಸಂಗಿಲ್ಲ.

ಕಾರ ಹುಣ್ಣಿಮೆ ಸಂಜೆ, ಕರಿ ಹರಿಯೋ ಹೊತ್ತು ನೆನಸ್ಕೋರಿ. ಬೆಳಕು ಕಡಿಮಿ. ಓಐಎಸ್ ನಂಬಿ ಶಟರ್ 1/15 ಸೆಕೆಂಡಿಗೆ ಇಳಿಸಿದ್ರ ಹಿಂದಿನ ಗೋಡಿ ಚೊಕ್ಕ ಬರತೈತಿ, ಎತ್ತು ಮಾತ್ರ ಹೊಗಿ! ಶಟರ್ 1/500 ಇಡ್ರಿ, ಐಎಸ್‌ಒ ಏರಸ್ರಿ. ಫೋಟೋ ಕಾಳುಕಾಳಾದ್ರೂ ಎತ್ತಿನ ಕಣ್ಣು ಕಾಣತೈತಿ. ಆ ವೇಗದಾಗ, ಭಾಳ ಉದ್ದನ ಲೆನ್ಸ್ ಅಲ್ಲಂದ್ರ, ಕೈ ನಡುಕ ಲೆಕ್ಕಕ್ಕ ಇಲ್ಲ. ಮತ್ತ ಓಐಎಸ್‌ಗೆ ಹೆಚ್ಚಿನ ರೊಕ್ಕ ಯಾಕ ಕೊಟ್ರಿ?

ಮಠದೊಳಗಿನ ದೀಪ, ನಿಂತ ತೇರು ತೆಗಿಯಾಕ ಅದು ಬೇಕು, ಒಪ್ಪತೀನಿ. ಆದ್ರ ಸ್ಟ್ಯಾಂಡ್ ಮ್ಯಾಲ ಇಟ್ಟಾಗ ಬಂದ್ ಮಾಡ್ರಿ. ಕೆಲವು ಹಳೇ ಲೆನ್ಸ್ ಇಲ್ಲದ ನಡುಕ ಹುಡುಕಿ ತಾವ ಅಲುಗಾಡತಾವ.

ಇನ್ನ ಬೈಕ್ ಹ್ಯಾಂಡಲ್‌ಗೆ ಫೋನ್ ಬಿಗಿದು ಮುಗಳಖೋಡದಿಂದ ಹಾರೂಗೇರಿ ತನಕ ರೀಲ್ ಮಾಡೋ ಅಣ್ಣಗಳ, ನಿಮಗ ಬ್ಯಾರೆನ ಹೇಳಬೇಕು. ದೊಡ್ಡ ಇಂಜಿನ್ನಿನ ಬೈಕಿನ ಕಂಪನಕ್ಕ ಐಫೋನ್ ಕ್ಯಾಮೆರಾದ ಓಐಎಸ್ ಕೆಡಬಹುದು ಅಂತ 2021ರಾಗ ಆ್ಯಪಲ್ ಕಂಪನಿನ ಹೇಳೇತಿ. ನಡುಕ ತಡಿಯಾಕ ಇಟ್ಟ ಸಾಮಾನು ನಡುಕದಿಂದನ ಹಾಳು! ಫೋನ್ ಕಿಸೆದಾಗ ಇಡ್ರಿ.

ನಾಳೆ ಓಐಎಸ್ ಬಂದ್ ಮಾಡಿ, 1/500ದಾಗ ಓಡೋ ಒಂದು ನಾಯಿ ಫೋಟೋ ತೆಗೆದು ಟ್ಯಾಗ್ ಮಾಡ್ರಿ. ಜಗಳ ಇದ್ರ ಕಾಮೆಂಟಿನಾಗ ಬರ್ರಿ.